‘ಹ್ಯಾಲ್ಸಿಯನ್’ ಅಂದರೇನು, ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದ ಕಡೆ ಹೋದರೆ ಓಣಿಗೊಂದು ಕೋಚಿಂಗ್ ಸೆಂಟರ್ ಕಾಣುತ್ತದೆ. ಹಾವೇರಿ, ಗದಗ, ಹುಬ್ಬಳ್ಳಿಯಿಂದ, ಇನ್ನೂ ದೂರದ ಹಳ್ಳಿಗಳಿಂದ ಬಂದ ಹುಡುಗರು, ಹುಡುಗಿಯರು ಬ್ಯಾಂಕ್, ಪಿಎಸ್‌ಐ, ಕೆಎಎಸ್ ಎಂದು ಇಲ್ಲಿ ರೂಮು ಮಾಡಿಕೊಂಡು ಓದುತ್ತಾರೆ. ಅಂಥವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಷ್ಟದ ಪದಗಳ ಪಟ್ಟಿಯಲ್ಲಿ ‘ಹ್ಯಾಲ್ಸಿಯನ್’ ಬಂದಾಗಲೆಲ್ಲ ಪ್ರಶ್ನೆಗಳ ಸಾಲೇ ಶುರುವಾಗುತ್ತದೆ. ‘ಶಾಂತ’ ಎಂದು ಪಕ್ಕದಲ್ಲಿ ಬರೆದುಕೊಂಡು ಮುಂದೆ ಹೋದರೆ ಈ ಪದದ ಮುಕ್ಕಾಲು ಪಾಲು ಕೈತಪ್ಪಿ ಹೋಗುತ್ತದೆ. ಇದರೊಳಗೆ ಒಂದು ಹಕ್ಕಿ ಇದೆ, ಒಂದು ಸಮುದ್ರ ಇದೆ, ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳ ಕಥೆ ಇದೆ. ವಿದ್ಯಾರ್ಥಿಗಳು ಕೇಳುತ್ತಾ ಬಂದ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಮೊದಲು ಅರ್ಥ ಹೇಳಿ. ಹ್ಯಾಲ್ಸಿಯನ್ ಅಂದರೆ ಏನು?

ಗಲಾಟೆ ಇಲ್ಲದ, ನೆಮ್ಮದಿಯ, ಸುಖವಾಗಿ ಕಳೆದ. ಇದು ಗುಣವಾಚಕ. ಹೆಚ್ಚಾಗಿ ಕಾಲದ ಬಗ್ಗೆ ಹೇಳುವಾಗ ಬಳಸುತ್ತಾರೆ: ದಿನಗಳು, ವರ್ಷಗಳು, ಒಂದು ಬೇಸಿಗೆ, ಒಂದು ಯುಗ. ‘ಹ್ಯಾಲ್ಸಿಯನ್ ಡೇಸ್’ ಎಂಬ ಜೋಡಿಯೇ ಎಲ್ಲಕ್ಕಿಂತ ಜಾಸ್ತಿ ಕಾಣಸಿಗುತ್ತದೆ.

ಆದರೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ಉತ್ತರಗಳೂ ಅದರ ಸುತ್ತಲೇ ಇವೆ. ಹ್ಯಾಲ್ಸಿಯನ್ ನೆಮ್ಮದಿಗೆ ಎರಡು ಕಡೆ ಗಡಿ ಇದೆ. ಹಿಂದೆ ಒಂದು ಬಿರುಗಾಳಿ, ಮುಂದೆ ಇನ್ನೊಂದು. ನಡುವೆ ಸಿಕ್ಕ ಕೆಲವೇ ದಿನಗಳ ತಣ್ಣನೆಯ ಹೊತ್ತು ಇದು. ಯಾವಾಗಲೂ ಶಾಂತವಾಗಿಯೇ ಇರುವ ವಸ್ತುವಿಗೆ ಈ ಪದ ಅಷ್ಟಾಗಿ ಹೊಂದುವುದಿಲ್ಲ.

ಉಚ್ಚಾರ ಹೇಗೆ? ಸ್ಪೆಲ್ಲಿಂಗ್ ಹೇಗೆ?

ಹ್ಯಾಲ್-ಸಿ-ಅನ್. ಒತ್ತು ಮೊದಲ ಭಾಗದ ಮೇಲೆ. ಅಕ್ಷರಗಳು: ಎಚ್, ಎ, ಎಲ್, ಸಿ, ವೈ, ಓ, ಎನ್. ‘ಹಾಲ್ಕಿಯಾನ್’ ಎಂದು ಓದುವವರು ಬಹಳ ಮಂದಿ. ಗ್ರೀಕ್ ಮೂಲದಲ್ಲಿ ‘ಕ’ ಧ್ವನಿಯೇ ಇತ್ತು, ಹಾಗಾಗಿ ಅದು ತೀರಾ ಆಧಾರವಿಲ್ಲದ ಓದೇನೂ ಅಲ್ಲ. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬರುವಾಗ ‘ಸಿ’ ಅಕ್ಷರದ ಮುಂದೆ ‘ವೈ’ ಇದ್ದುದರಿಂದ ಅದು ‘ಸ’ ಆಯಿತು. ಸೈಕಲ್ ಎಂಬ ಪದದಲ್ಲೂ ಇದೇ ಆಗಿದೆ. ಅದರ ಗ್ರೀಕ್ ಮೂಲ ‘ಕುಕ್ಲೋಸ್’, ಅಂದರೆ ಚಕ್ರ.

ಈ ಪದ ಮೊದಲು ಯಾವುದರ ಹೆಸರಾಗಿತ್ತು?

ಒಂದು ಹಕ್ಕಿಯ ಹೆಸರು. ಗ್ರೀಕರು ಮಿಂಚುಳ್ಳಿಯನ್ನು ‘ಅಲ್ಕುಓನ್’ ಎಂದು ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯವರು ಅದನ್ನು ‘ಅಲ್ಸಿಯೋನ್’, ‘ಹಲ್ಸಿಯೋನ್’ ಎಂದು ತೆಗೆದುಕೊಂಡರು. ಮಿಂಚುಳ್ಳಿಗೆ ಲ್ಯಾಟಿನ್‌ನಲ್ಲಿ ತನ್ನದೇ ಆದ ‘ಅಲ್ಸೀಡೊ’ ಎಂಬ ಹೆಸರೂ ಇತ್ತು. ಗ್ರೀಕ್ ಹೆಸರಿನ ಬೇರು ಯಾವುದು ಎಂಬುದು ವಿದ್ವಾಂಸರಲ್ಲಿ ಇನ್ನೂ ತೀರ್ಮಾನವಾಗದ ವಿಷಯ. ಗ್ರೀಕರು ಅಲ್ಲಿಗೆ ಬರುವ ಮೊದಲೇ ಆ ನೆಲದಲ್ಲಿದ್ದ ಯಾವುದೋ ಭಾಷೆಯ ಪದ ಇರಬಹುದು ಎಂಬ ವಾದವೂ ಇದೆ. ಆದ್ದರಿಂದ ಸಂಸ್ಕೃತದ ಯಾವುದೋ ಧಾತು ಹಿಡಿದು ಎಳೆದು ಜೋಡಿಸಲು ಹೋಗಬೇಡಿ.

ಹಕ್ಕಿಯ ಹೆಸರು ‘ನೆಮ್ಮದಿ’ ಎಂಬ ಅರ್ಥಕ್ಕೆ ಹೇಗೆ ತಿರುಗಿತು?

ಇದಕ್ಕೆ ಮೆಡಿಟರೇನಿಯನ್ ಸಮುದ್ರದ ಹವಾಮಾನ ತಿಳಿದಿರಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯ ಕಾಲ. ಡಿಸೆಂಬರ್ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಗ್ರೀಸ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಬೇಸಿಗೆ ಒಣ, ಚಳಿಗಾಲವೇ ಮಳೆಗಾಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಮುದ್ರ ಕೆಟ್ಟದಾಗಿರುತ್ತದೆ. ಹಳೆಯ ಕಾಲದಲ್ಲಿ ಆ ತಿಂಗಳುಗಳಲ್ಲಿ ಹಡಗುಗಳನ್ನು ಹೆಚ್ಚಾಗಿ ದಡಕ್ಕೆ ಎಳೆದು ಇಡುತ್ತಿದ್ದರು.

ಅಂಥ ಚಳಿಗಾಲದ ನಟ್ಟನಡುವೆ ಗಾಳಿ ನಿಂತು, ಬಿಸಿಲು ಬಂದು, ಸಮುದ್ರ ಸುಮ್ಮನಾಗುವ ಕೆಲವು ದಿನಗಳು ಸಿಗುತ್ತವೆ. ಮಿಂಚುಳ್ಳಿ ಆಗ ಸಮುದ್ರದ ಮೇಲೆ ಗೂಡು ಕಟ್ಟಿ ಮೊಟ್ಟೆಗೆ ಕಾವು ಕೊಡುತ್ತದೆ, ಅದಕ್ಕಾಗಿಯೇ ಅಲೆಗಳು ಅಡಗುತ್ತವೆ ಎಂದು ಗ್ರೀಕರು ನಂಬಿದ್ದರು. ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆಯುವಾಗ ಇದನ್ನು ದಾಖಲಿಸಿದ್ದಾನೆ. ವರ್ಷದ ಅತಿ ಚಿಕ್ಕ ಹಗಲಿನ ಆಚೆ ಏಳು, ಈಚೆ ಏಳು, ಒಟ್ಟು 14 ದಿನ ಎಂಬ ಲೆಕ್ಕ ಅಲ್ಲಿದೆ. ರೋಮಿನ ಪ್ಲಿನಿಯೂ ಅದೇ ಮಾತನ್ನು ಹೇಳಿದ್ದಾನೆ. ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22. ಹಾಗಾಗಿ ಡಿಸೆಂಬರ್ ನಡುವಿನಿಂದ ತಿಂಗಳ ಕೊನೆಯವರೆಗೆ ಈ ದಿನಗಳು. ಅವೇ ‘ಮಿಂಚುಳ್ಳಿ ದಿನಗಳು’, ಇಂಗ್ಲಿಷಿನ ‘ಹ್ಯಾಲ್ಸಿಯನ್ ಡೇಸ್’. ಇಂದಿಗೂ ಗ್ರೀಸ್‌ನಲ್ಲಿ ಚಳಿಗಾಲದ ನಡುವೆ, ಅದರಲ್ಲೂ ಜನವರಿಯಲ್ಲಿ, ಬಿಸಿಲು ಬಿದ್ದ ತಿಳಿ ದಿನಗಳಿಗೆ ಇದೇ ಹೆಸರು.

ಒಂದು ಸೂಕ್ಷ್ಮ ಗಮನಿಸಿ. ಸಮುದ್ರ ಬೇಸಿಗೆಯ ತಿಂಗಳುಗಟ್ಟಲೆ ಶಾಂತವಾಗಿರುತ್ತದೆ. ಆದರೂ ಆ ದಿನಗಳಿಗೆ ಈ ಹೆಸರು ಬರಲಿಲ್ಲ. ಹೆಸರು ಬಂದಿದ್ದು ಚಳಿಗಾಲದ ಆ ಹದಿನಾಲ್ಕು ದಿನಗಳಿಗೆ ಮಾತ್ರ.

ಗಂಡನನ್ನು ಕಳೆದುಕೊಂಡವಳ ಕಥೆ ಯಾವುದು?

ಅಲ್ಸಿಯೋನಿಯ ಕಥೆ. ಇದನ್ನು ಹಲವರು ಹೇಳಿದ್ದಾರೆ. ನನಗೆ ಇಷ್ಟವಾದದ್ದು ರೋಮಿನ ಕವಿ ಓವಿಡ್ ಹೇಳಿದ ಬಗೆ. ಸುಮಾರು 2000 ವರ್ಷದ ಹಿಂದೆ ಅವನು ಬರೆದ ‘ಮೆಟಮಾರ್ಫಸಿಸ್’ ಕಾವ್ಯದ 11ನೇ ಭಾಗದಲ್ಲಿ ಇದು ಬರುತ್ತದೆ.

ಅಲ್ಸಿಯೋನಿ ಗಾಳಿಗಳ ಒಡೆಯ ಈಯೊಲಸ್‌ನ ಮಗಳು. ಅವಳ ಗಂಡ ಸೀಯಿಕ್ಸ್ ಟ್ರಾಕಿಸ್ ಎಂಬ ಊರಿನ ರಾಜ, ಬೆಳ್ಳಿಚುಕ್ಕಿಯ ಮಗ. ಇಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಇರಲಾಗದಷ್ಟು ಪ್ರೀತಿ. ಒಮ್ಮೆ ಅವನು ದೇವರ ಮಾತು ಕೇಳಲು ಸಮುದ್ರ ದಾಟಿ ಹೋಗಬೇಕಾಗುತ್ತದೆ. ಅವಳು ಬೇಡ ಎಂದು ಅಂಗಲಾಚುತ್ತಾಳೆ. ಅವಳ ಮಾತು ನೋಡಿ: ನಾನು ಗಾಳಿಗಳ ಮನೆಯಲ್ಲೇ ಬೆಳೆದವಳು, ಚಿಕ್ಕಂದಿನಿಂದ ಅವನ್ನು ನೋಡಿದ್ದೇನೆ, ನೋಡಿದಷ್ಟೂ ನನಗೆ ಅವುಗಳ ಭಯ ಜಾಸ್ತಿ. ಒಮ್ಮೆ ಬಿಟ್ಟ ಮೇಲೆ ಅವನ್ನು ಯಾರೂ ತಡೆಯಲಾರರು. ಗಾಳಿಯ ಒಡೆಯನ ಅಳಿಯ ಎಂಬ ಧೈರ್ಯ ನಿನಗೆ ಬೇಡ.

ಅವನು ಕೇಳುವುದಿಲ್ಲ. ಎರಡು ಹುಣ್ಣಿಮೆಯೊಳಗೆ ಬರುತ್ತೇನೆ ಎಂದು ಮಾತು ಕೊಟ್ಟು ಹೊರಡುತ್ತಾನೆ. ರಾತ್ರಿ ನಡುಸಮುದ್ರದಲ್ಲಿ ಬಿರುಗಾಳಿ ಏಳುತ್ತದೆ. ಹಡಗು ಒಡೆಯುತ್ತದೆ. ಮರದ ತುಂಡೊಂದನ್ನು ಹಿಡಿದು ಅವಳ ಹೆಸರು ಹೇಳುತ್ತಲೇ ಅವನು ಮುಳುಗುತ್ತಾನೆ.

ಊರಲ್ಲಿ ಅವಳಿಗೆ ಇದೇನೂ ಗೊತ್ತಿಲ್ಲ. ಅವನು ಬಂದ ಮೇಲೆ ಉಡಲು ಬಟ್ಟೆ ನೇಯುತ್ತಿರುತ್ತಾಳೆ. ದಿನವೂ ಜೂನೊ ದೇವಿಯ ಗುಡಿಗೆ ಹೋಗಿ ಗಂಡ ಕ್ಷೇಮವಾಗಿ ಬರಲಿ ಎಂದು ಬೇಡಿಕೊಳ್ಳುತ್ತಾಳೆ. ಸತ್ತವನಿಗಾಗಿ ಬರುವ ಈ ಪ್ರಾರ್ಥನೆಯನ್ನು ಆ ದೇವಿಗೇ ತಡೆದುಕೊಳ್ಳಲು ಆಗುವುದಿಲ್ಲ. ನಿದ್ರೆಯ ದೇವರ ಗುಹೆಗೆ ಹೇಳಿ ಕಳಿಸುತ್ತಾಳೆ. ಅವನ ಮಗ ಮಾರ್ಫಿಯಸ್ ಸೀಯಿಕ್ಸ್‌ನ ರೂಪ ತಳೆದು, ನೀರು ಸುರಿಯುವ ಮೈಯಲ್ಲಿ ಅವಳ ಕನಸಿಗೆ ಬಂದು ನಾನು ಸತ್ತಿದ್ದೇನೆ ಎಂದು ಹೇಳುತ್ತಾನೆ. ನೋವು ಕಳೆಯುವ ಔಷಧಿ ಮಾರ್ಫಿನ್‌ಗೆ ಹೆಸರು ಬಂದಿದ್ದು ಈ ಮಾರ್ಫಿಯಸ್‌ನಿಂದಲೇ.

ಬೆಳಗಾಗುತ್ತಲೇ ಅವಳು ಅವನನ್ನು ಬೀಳ್ಕೊಟ್ಟ ದಡಕ್ಕೆ ಓಡುತ್ತಾಳೆ. ದೂರದಲ್ಲಿ ಏನೋ ತೇಲಿ ಬರುತ್ತಿದೆ. ಮೊದಲು ಯಾರೋ ಪಾಪ ಎಂದುಕೊಳ್ಳುತ್ತಾಳೆ. ಹತ್ತಿರ ಬಂದಾಗ ಗಂಡ. ಕಟ್ಟೆಯಿಂದ ನೀರಿಗೆ ಹಾರುತ್ತಾಳೆ, ಆದರೆ ಬೀಳುವುದಿಲ್ಲ. ಹಾರುತ್ತಲೇ ಹಕ್ಕಿಯಾಗುತ್ತಾಳೆ. ದೇವರುಗಳು ಕನಿಕರದಿಂದ ಅವನನ್ನೂ ಹಕ್ಕಿ ಮಾಡುತ್ತಾರೆ. ಅಂದಿನಿಂದ ಚಳಿಗಾಲದಲ್ಲಿ ಏಳು ದಿನ (ಓವಿಡ್ ಹದಿನಾಲ್ಕು ಎನ್ನದೆ ಏಳು ಎಂದೇ ಹೇಳುತ್ತಾನೆ) ಅವಳು ತೇಲುವ ಗೂಡಿನಲ್ಲಿ ಕಾವು ಕೂರುತ್ತಾಳೆ. ಆ ಏಳು ದಿನ ಈಯೊಲಸ್ ತನ್ನ ಗಾಳಿಗಳನ್ನು ಹೊರಗೆ ಬಿಡದೆ ಕಾಯುತ್ತಾನೆ, ಮೊಮ್ಮಕ್ಕಳಿಗಾಗಿ.

ಅವಳ ಗಂಡನನ್ನು ಕೊಂದಿದ್ದು ಅಪ್ಪನ ಮನೆಯ ಗಾಳಿಯೇ. ಅವಳ ಮರಿಗಳನ್ನು ಕಾಯುವುದೂ ಅದೇ ಅಪ್ಪ. ಈ ಕಥೆ ಗೊತ್ತಿದ್ದವರಿಗೆ ‘ಹ್ಯಾಲ್ಸಿಯನ್’ ಎಂಬ ಪದ ಓದುವಾಗ ಬರೀ ಸುಖ ಕಾಣಿಸುವುದಿಲ್ಲ. ಅದರ ಹಿಂದೆ ನಡೆದುಹೋದದ್ದೂ ಕಾಣುತ್ತದೆ.

ಇನ್ನೊಂದು ಪಾಠಾಂತರವೂ ಇದೆ. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ಸೊಕ್ಕಿನಿಂದ ತಮ್ಮನ್ನು ದೇವತೆಗಳ ರಾಜ ಜೀಯಸ್, ರಾಣಿ ಹೀರಾ ಎಂದು ಕರೆದುಕೊಂಡು ಶಿಕ್ಷೆಯಾಗಿ ಹಕ್ಕಿಗಳಾಗುತ್ತಾರೆ. ನೆಮ್ಮದಿಯ ಅರ್ಥಕ್ಕೂ ಆ ಕಥೆಗೂ ಅಷ್ಟು ನಂಟಿಲ್ಲ.

ಮಿಂಚುಳ್ಳಿ ನಿಜವಾಗಿಯೂ ನೀರಿನ ಮೇಲೆ ಗೂಡು ಕಟ್ಟುತ್ತದಾ?

ಇಲ್ಲ. ಮಿಂಚುಳ್ಳಿಗಳು ಹೆಚ್ಚಾಗಿ ಮಣ್ಣಿನ ದಂಡೆಯಲ್ಲಿ ಅಡ್ಡವಾಗಿ ಸುರಂಗ ಕೊರೆದು, ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತವೆ. ಹಳ್ಳದ ಬದಿ, ಬಾವಿಯ ಗೋಡೆ, ರಸ್ತೆಗಾಗಿ ಕಡಿದ ದಿಬ್ಬ, ಎಲ್ಲಿಯಾದರೂ ಸರಿ, ಕಡಿದಾದ ಮಣ್ಣು ಬೇಕು ಅಷ್ಟೆ. ಯುರೋಪಿನ ಮಿಂಚುಳ್ಳಿ ಮರಿ ಮಾಡುವುದು ವಸಂತ ಮತ್ತು ಬೇಸಿಗೆಯಲ್ಲಿ, ಡಿಸೆಂಬರ್‌ನಲ್ಲಿ ಅಲ್ಲ.

ಗ್ರೀಕರಿಗೆ ಹಾಗೆ ಏಕೆ ಅನ್ನಿಸಿತು? ಒಳನಾಡಿನ ಹೊಳೆಗಳ ಮಿಂಚುಳ್ಳಿಗಳು ಚಳಿಗಾಲದಲ್ಲಿ ಕರಾವಳಿಗೆ ಇಳಿಯುತ್ತವೆ. ಬೇರೆ ಕಾಲದಲ್ಲಿ ಕಾಣದ ಹಕ್ಕಿ ಆ ದಿನಗಳಲ್ಲೇ ಕಡಲ ದಂಡೆಯಲ್ಲಿ ಕಂಡಿರಬೇಕು. ಗೂಡು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಣದ ಗೂಡನ್ನು ಸಮುದ್ರದ ಮೇಲೆ ಇಟ್ಟು ಕಥೆ ಪೂರ್ತಿ ಮಾಡಿಕೊಂಡರು ಎಂದು ನನಗೆ ಅನ್ನಿಸುತ್ತದೆ.

ಮೂಲದಲ್ಲಿ ಇಲ್ಲದ ‘ಎಚ್’ ಎಲ್ಲಿಂದ ಬಂತು?

ಒಂದು ತಪ್ಪು ಊಹೆಯಿಂದ. ಗ್ರೀಕ್‌ನಲ್ಲಿ ‘ಹಲ್ಸ್’ ಎಂದರೆ ಉಪ್ಪು, ಸಮುದ್ರ. ‘ಕುಓನ್’ ಎಂದರೆ ಬಸಿರಾಗುವ. ಎರಡೂ ಸೇರಿ ‘ಸಮುದ್ರದ ಮೇಲೆ ಬಸಿರಾಗುವ ಹಕ್ಕಿ’ ಎಂದು ಹಳಬರೇ ಪದ ಬಿಡಿಸಿಕೊಂಡರು. ಗೂಡಿನ ಕಥೆ ಹೇಗೂ ಇತ್ತು, ಅರ್ಥ ಚೆನ್ನಾಗಿ ಕೂತಿತು. ಹಾಗಾಗಿ ಮುಂದೆ ಒಂದು ‘ಹ’ ಸೇರಿತು. ಆಮೇಲೆ ಬಂದ ಭಾಷಾಶಾಸ್ತ್ರಜ್ಞರು ಈ ಬಿಡಿಸುವಿಕೆಯನ್ನು ಒಪ್ಪಲಿಲ್ಲ, ಆದರೆ ಅಕ್ಷರ ಅಲ್ಲೇ ಉಳಿಯಿತು.

ವಿಜ್ಞಾನ ಓದಿದವರಿಗೆ ‘ಹಲ್ಸ್’ ಹೊಸದಲ್ಲ. ರಸಾಯನಶಾಸ್ತ್ರದ ಹ್ಯಾಲೊಜನ್ ಅಂದರೆ ‘ಉಪ್ಪು ಹುಟ್ಟಿಸುವುದು’, ಅದೇ ‘ಹಲ್ಸ್’. ಆ ಪದಕ್ಕೂ ಹ್ಯಾಲ್ಸಿಯನ್‌ಗೂ ಇರುವುದು ಈ ತಪ್ಪು ಊಹೆಯ ನಂಟು ಮಾತ್ರ.

ಇಂಗ್ಲಿಷಿಗೆ ಯಾವಾಗ ಬಂತು?

ಹಕ್ಕಿಯ ಹೆಸರಾಗಿ 14ನೇ ಶತಮಾನದ ಕೊನೆಯ ಹೊತ್ತಿಗೆ. ಕವಿಗಳಾದ ಚಾಸರ್ ಮತ್ತು ಗವರ್ ಇಬ್ಬರೂ ಆ ಕಾಲದಲ್ಲಿ ಅಲ್ಸಿಯೋನಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ಗುಣವಾಚಕವಾಗಿ ಬಳಕೆಗೆ ಬಂದಿದ್ದು 16ನೇ ಶತಮಾನದ ನಡುವೆ, ಲ್ಯಾಟಿನ್‌ನ ‘ಮಿಂಚುಳ್ಳಿ ದಿನಗಳು’ ಎಂಬ ಮಾತನ್ನು ಇಂಗ್ಲಿಷಿಗೆ ತಂದಾಗ.

ಷೇಕ್ಸ್‌ಪಿಯರ್ ಇದನ್ನು ಬಳಸಿದ ಜಾಗ ನೋಡಬೇಕು. ‘ಆರನೇ ಹೆನ್ರಿ’ ನಾಟಕದ ಮೊದಲ ಭಾಗ. ಆರ್ಲಿಯನ್ಸ್ ಪಟ್ಟಣಕ್ಕೆ ಇಂಗ್ಲಿಷರು ಮುತ್ತಿಗೆ ಹಾಕಿದ್ದಾರೆ. ಫ್ರೆಂಚರು ಸೋತು ಕೈಚೆಲ್ಲಿ ಕೂತಿದ್ದಾರೆ. ಆಗ ಹಳ್ಳಿಯ ಹುಡುಗಿ ಜೋನ್ ಬಂದು, ನಾನು ಈ ಯುದ್ಧಕ್ಕೆ ಇಳಿದಿದ್ದೇನೆ, ಇನ್ನು ನೀವು ಸೇಂಟ್ ಮಾರ್ಟಿನ್‌ನ ಬೇಸಿಗೆಯನ್ನೂ ಹ್ಯಾಲ್ಸಿಯನ್ ದಿನಗಳನ್ನೂ ಎದುರು ನೋಡಿ ಎನ್ನುತ್ತಾಳೆ. ಸೇಂಟ್ ಮಾರ್ಟಿನ್‌ನ ಬೇಸಿಗೆ ಅಂದರೆ ಯುರೋಪಿನಲ್ಲಿ ನವೆಂಬರ್‌ನಲ್ಲಿ, ಚಳಿ ಶುರುವಾದ ಮೇಲೆ, ನಡುವೆ ಬರುವ ಬೆಚ್ಚನೆಯ ಕೆಲವು ದಿನ. ಎರಡೂ ಕೆಟ್ಟ ಕಾಲದ ನಡುವೆ ಸಿಗುವ ಒಳ್ಳೆಯ ದಿನಗಳು. ಯುದ್ಧದ ನಡುವೆ ನಿಂತು ಹೇಳುವ ಮಾತಿಗೆ ಇದಕ್ಕಿಂತ ಸರಿಯಾದ ಪದ ಇರಲಿಲ್ಲ. ಷೇಕ್ಸ್‌ಪಿಯರ್‌ಗೆ ಈ ಪದದ ಎರಡು ಗಡಿಗಳೂ ಗೊತ್ತಿದ್ದವು.

‘ಕಿಂಗ್ ಲಿಯರ್’ ನಾಟಕದಲ್ಲೂ ಇದೆಯಂತೆ. ಅಲ್ಲಿ ಅರ್ಥ ಹೊಂದುತ್ತಿಲ್ಲವಲ್ಲ?

ಹೌದು, ಅಲ್ಲಿ ನೆಮ್ಮದಿಯ ಸುದ್ದಿಯೇ ಇಲ್ಲ. ಧಣಿಗಳ ಮನಸ್ಸು ತಿರುಗಿದ ಕಡೆಗೆಲ್ಲ ತಮ್ಮ ‘ಹ್ಯಾಲ್ಸಿಯನ್ ಕೊಕ್ಕು’ ತಿರುಗಿಸುವ ಆಳುಗಳು ಎಂದು ರಾಜ ಲಿಯರ್‌ನ ನಿಷ್ಠಾವಂತ ಕೆಂಟ್ ಬೈಯುತ್ತಾನೆ. ಹಳೆಯ ಇಂಗ್ಲೆಂಡಿನಲ್ಲಿ ಇನ್ನೊಂದು ನಂಬಿಕೆ ಇತ್ತು. ಸತ್ತ ಮಿಂಚುಳ್ಳಿಯನ್ನು ಒಣಗಿಸಿ ದಾರದಲ್ಲಿ ತೂಗುಹಾಕಿದರೆ ಅದರ ಕೊಕ್ಕು ಗಾಳಿ ಬೀಸುವ ದಿಕ್ಕು ತೋರಿಸುತ್ತದೆ ಎಂದು. ಧಣಿಯ ಗಾಳಿ ನೋಡಿ ತಿರುಗುವ ಹೊಗಳುಭಟ್ಟರಿಗೆ ಅದು ಬೈಗುಳವಾಯಿತು.

ಥಾಮಸ್ ಬ್ರೌನ್ ಎಂಬ ವೈದ್ಯ ಇದನ್ನು ಪರೀಕ್ಷೆ ಮಾಡಿ ನೋಡಿದ. ಜನರ ತಪ್ಪು ನಂಬಿಕೆಗಳ ಬಗ್ಗೆ 1646ರಲ್ಲಿ ಅವನು ಒಂದು ದೊಡ್ಡ ಪುಸ್ತಕ ತಂದ. ಹುರಿ ಇಲ್ಲದ ರೇಷ್ಮೆ ಎಳೆಯಲ್ಲಿ ಹಕ್ಕಿಯನ್ನು ತೂಗಿಬಿಟ್ಟ. ಒಂದೇ ಕೋಣೆಯಲ್ಲಿ ಎರಡನ್ನು ತೂಗಿಬಿಟ್ಟರೆ ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಮುಖ ಮಾಡಿದವು. ನಂಬಿಕೆ ಸುಳ್ಳು ಎಂದು ಬರೆದ. ಅಷ್ಟು ಹಿಂದೆಯೇ ಒಬ್ಬ ಮನುಷ್ಯ ಸುಮ್ನೆ ವಾದ ಮಾಡುವ ಬದಲು ಹಕ್ಕಿಯನ್ನು ತೂಗಿಹಾಕಿಯೇ ನೋಡಿದನಲ್ಲ, ಅದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ನಮ್ಮ ಕಡೆ ಈ ಹಕ್ಕಿ ಇದೆಯಾ?

ಖಂಡಿತ ಇದೆ. ಧಾರವಾಡದ ಕೆಲಗೇರಿ, ಸಾಧನಕೇರಿ, ಹುಬ್ಬಳ್ಳಿಯ ಉಣಕಲ್ಲು, ಹಾವೇರಿಯ ಹೆಗ್ಗೇರಿ, ಇಂಥ ಯಾವುದೇ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ. ಬಯಲುಸೀಮೆಯ ಕೆರೆಗಳಲ್ಲಿ ಮೂರು ಬಗೆಯ ಮಿಂಚುಳ್ಳಿ ಸಾಮಾನ್ಯ.

ಮೊದಲನೆಯದು ಬಿಳಿ ಎದೆಯ ಮಿಂಚುಳ್ಳಿ. ಮೈನಾಕ್ಕಿಂತ ದೊಡ್ಡದು. ತಲೆ ಮತ್ತು ಹೊಟ್ಟೆ ಕಂದು, ಗಂಟಲು ಮತ್ತು ಎದೆ ಬಿಳಿ, ಬೆನ್ನು ಹೊಳೆಯುವ ನೀಲಿ, ದಪ್ಪನೆಯ ಕೆಂಪು ಕೊಕ್ಕು. ಕರೆಂಟಿನ ತಂತಿಯ ಮೇಲೆ ಕೂತು ಜೋರಾಗಿ ಕೂಗುತ್ತದೆ. ಮೀನೇ ಬೇಕೆಂದಿಲ್ಲ, ಮಿಡತೆ, ಓತಿಕ್ಯಾತ, ಕಪ್ಪೆ, ಏಡಿ ಎಲ್ಲ ತಿನ್ನುತ್ತದೆ. ಹಾಗಾಗಿ ನೀರಿನಿಂದ ದೂರದ ಹೊಲದಲ್ಲೂ ಕಾಣುತ್ತದೆ. ಎರಡನೆಯದು ಸಣ್ಣ ಮಿಂಚುಳ್ಳಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮೇಲೆ ನೀಲಿ, ಕೆಳಗೆ ಕಿತ್ತಳೆ ಬಣ್ಣ. ನೀರಿಗೆ ತಾಗುವಷ್ಟು ಕೆಳಗೆ ನೇರವಾಗಿ ಹಾರುತ್ತದೆ. ಮೂರನೆಯದು ಕಪ್ಪು ಬಿಳುಪಿನದು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ನೇರ ಕೆಳಗೆ ಬೀಳುತ್ತದೆ.

ಈಗ ಹೆಸರಿನ ವಿಷಯ. ಬಿಳಿ ಎದೆಯ ಮಿಂಚುಳ್ಳಿಯ ವೈಜ್ಞಾನಿಕ ಹೆಸರು ‘ಹ್ಯಾಲ್ಸಿಯನ್ ಸ್ಮಿರ್ನೆನ್ಸಿಸ್’. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನು ಪಟ್ಟಿಗೆ ಸೇರಿಸಿದಾಗ ಸ್ಮಿರ್ನಾ ಊರಿನ ಹೆಸರು ಕೊಟ್ಟ. ಸ್ಮಿರ್ನಾ ಅಂದರೆ ಇವತ್ತಿನ ತುರ್ಕಿಯ ಇಜ್ಮಿರ್. ‘ಹ್ಯಾಲ್ಸಿಯನ್’ ಎಂಬ ಕುಲದ ಹೆಸರನ್ನು 1821ರಲ್ಲಿ ಸ್ವೇನ್ಸನ್ ಎಂಬ ಪಕ್ಷಿಶಾಸ್ತ್ರಜ್ಞ ಇಟ್ಟ. ಗ್ರೀಕರು ಹೇಳಿದ ಹಕ್ಕಿ ಬಹುಶಃ ನಾನು ಹೇಳಿದ ಎರಡನೆಯದು, ಸಣ್ಣ ಮಿಂಚುಳ್ಳಿ. ಅದಕ್ಕೆ ಲ್ಯಾಟಿನ್ ಹೆಸರು ‘ಅಲ್ಸೀಡೊ’ ಸಿಕ್ಕಿತು. ಅಲ್ಸಿಯೋನಿಯ ಗಂಡನನ್ನೂ ಬಿಟ್ಟಿಲ್ಲ. ಪಶ್ಚಿಮಘಟ್ಟದ ಕಾಡಿನಲ್ಲಿರುವ ಪುಟ್ಟ ಮೂರುಬೆರಳಿನ ಮಿಂಚುಳ್ಳಿಯ ಕುಲದ ಹೆಸರು ‘ಸೀಯಿಕ್ಸ್’.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಬಹಳ ಜನ ಹೋಗುತ್ತಾರೆ. ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೋದವರು ಹೆಬ್ಬಾತಿನ ಜೊತೆಗೆ ದಂಡೆಯ ಗಿಡ, ತಂತಿಗಳ ಮೇಲೂ ಒಮ್ಮೆ ಕಣ್ಣಾಡಿಸಿ.

ನೀಲಕಂಠವೂ ಇದೇ ಹಕ್ಕಿಯಾ?

ಅಲ್ಲ. ನೀಲಕಂಠ ನಮ್ಮ ರಾಜ್ಯದ ಹಕ್ಕಿ, ಮಿಂಚುಳ್ಳಿಯ ದೂರದ ಬಂಧು. ಅದರ ಕೊಕ್ಕು ಕೆಂಪಲ್ಲ, ಎದೆ ಕಂದು ಛಾಯೆಯದು, ಹಾರುವಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಪಟ್ಟೆ ಕಾಣುತ್ತವೆ. ಬಿಳಿ ಎದೆಯ ಮಿಂಚುಳ್ಳಿ ಪಶ್ಚಿಮ ಬಂಗಾಳದ ರಾಜ್ಯಪಕ್ಷಿ.

“ಸರ, ಇದಕ್ಕ ನಮ್ಮ ಕನ್ನಡದಾಗ ಒಂದ ಶಬ್ದ ಇಲ್ಲೇನ್ರೀ?”

ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ನಿಘಂಟಿನ ಉತ್ತರ ‘ಪ್ರಶಾಂತ’, ‘ಸುಖಶಾಂತಿಯ’. ತಪ್ಪಲ್ಲ. ಆದರೆ ‘ಪ್ರಶಾಂತ’ಕ್ಕೆ ಗಡಿ ಇಲ್ಲ. ಪ್ರಶಾಂತ ಮುಖ, ಪ್ರಶಾಂತ ಕೊಳ, ಪ್ರಶಾಂತ ರಾತ್ರಿ, ಎಲ್ಲದಕ್ಕೂ ನಡೆಯುತ್ತದೆ.

ಅರ್ಥ ಮನಸ್ಸಿಗೆ ನಾಟಲಿ ಎಂದು ನಾನು ‘ಹೊಳವು’ ನೆನಪಿಸುತ್ತೇನೆ. ಮುಂಗಾರಿನಲ್ಲಿ ಹಿಡಿದ ಮಳೆ ಬಿಡದೆ ಸುರಿದು, ಆಮೇಲೆ ನಾಲ್ಕು ದಿನ ನಿಂತು ಬಿಸಿಲು ಬಿದ್ದರೆ ರೈತರು ‘ಮಳಿ ಹೊಳವು ಕೊಟ್ಟೈತಿ’ ಎನ್ನುತ್ತಾರೆ. ಆ ನಾಲ್ಕು ದಿನದಲ್ಲಿ ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು, ಗೊಬ್ಬರ ಹಾಕಬೇಕು. ಮತ್ತೆ ಮಳೆ ಬರುವುದು ಎಲ್ಲರಿಗೂ ಗೊತ್ತು. ಬೇಸಿಗೆಯ ಬಿಸಿಲನ್ನು ಯಾರೂ ಹೊಳವು ಎನ್ನುವುದಿಲ್ಲ. ಮಿಂಚುಳ್ಳಿ ದಿನಗಳೂ ಹೀಗೆಯೇ. ವ್ಯತ್ಯಾಸ ಇಷ್ಟೇ, ಹೊಳವು ಹವಾಮಾನದಲ್ಲೇ ಉಳಿಯಿತು, ಹ್ಯಾಲ್ಸಿಯನ್ ಮನುಷ್ಯರ ಬದುಕಿಗೂ ದೇಶದ ಇತಿಹಾಸಕ್ಕೂ ಹರಡಿತು. ಅನುವಾದ ಮಾಡುವಾಗ ಸಂದರ್ಭ ನೋಡಿ ‘ನೆಮ್ಮದಿಯ ದಿನಗಳು’ ಎಂದರೆ ಸಾಕಾಗುತ್ತದೆ.

ಸುವರ್ಣಯುಗ ಎಂದರೂ ಇದೇ ಅಲ್ವಾ?

ಅಲ್ಲ, ಇಲ್ಲೇ ಜಾಸ್ತಿ ಎಡವುವುದು. ಸುವರ್ಣಯುಗ ಅಂದರೆ ಸಾಧನೆಯ ಎತ್ತರ. ‘ಹೇಡೇ’ ಎಂಬ ಇಂಗ್ಲಿಷ್ ಪದವೂ ಹಾಗೆಯೇ, ಏರುಗಾಲದ ದಿನಗಳು. ಸಾಧನೆ ದೊಡ್ಡದಿದ್ದೂ ನೆಮ್ಮದಿ ಇಲ್ಲದಿರಬಹುದು.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಸವಾಯಿ ಗಂಧರ್ವರು ಕುಂದಗೋಳದಲ್ಲಿ ಕಲಿಸುತ್ತಿದ್ದ ಕಾಲ ಹಿಂದುಸ್ತಾನಿ ಸಂಗೀತಕ್ಕೆ ಈ ನೆಲದಲ್ಲಿ ಬಂಗಾರದ ಕಾಲ. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಲ್ಲಿ ಕಲಿತರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಹೋಗುತ್ತಿದ್ದರು. ಆದರೆ ಗಂಗೂಬಾಯಿಯವರಿಗೆ ಅವು ಹ್ಯಾಲ್ಸಿಯನ್ ದಿನಗಳಾ? ಹಣದ ಕಷ್ಟ, ಜಾತಿಯ ಹೆಸರಿನ ಅವಮಾನ, ಹೆಣ್ಣು ಹಾಡುವುದನ್ನೇ ಹೀನವಾಗಿ ನೋಡುವ ಜನ, ಇದೆಲ್ಲ ದಾಟಿ ಅವರು ಹಾಡಿದರು. ಅಲ್ಲಿ ‘ಹ್ಯಾಲ್ಸಿಯನ್’ ಬಳಸಿದರೆ ಅವರು ಪಟ್ಟ ಪಾಡನ್ನು ಅಳಿಸಿದಂತೆ ಆಗುತ್ತದೆ. ಇಂಥ ಕಡೆ ಪದದ ಆಯ್ಕೆ ಬರೀ ಅಂಕದ ವಿಷಯ ಅಲ್ಲ, ನಿಜ ಹೇಳುವ ವಿಷಯ.

‘ಇಡಿಲಿಕ್’ ಎಂಬ ಪದವನ್ನೂ ಇದರ ಜೊತೆ ಕಲಸಿಬಿಡುತ್ತಾರೆ. ಅದರ ಮೂಲ ಗ್ರೀಕ್‌ನ ‘ಚಿಕ್ಕ ಚಿತ್ರ’ ಎಂಬರ್ಥದ ಪದ. ಆದ್ದರಿಂದ ಅದು ಜಾಗಕ್ಕೆ, ನೋಟಕ್ಕೆ ಚೆನ್ನಾಗಿ ಹೊಂದುತ್ತದೆ. ಹ್ಯಾಲ್ಸಿಯನ್ ಕಾಲಕ್ಕೆ ಹೊಂದುತ್ತದೆ. ಇನ್ನು ‘ಸ್ಯಾಲಡ್ ಡೇಸ್’ ಬೇರೆಯೇ. ಷೇಕ್ಸ್‌ಪಿಯರ್‌ನ ಕ್ಲಿಯೋಪಾತ್ರ ತನ್ನ ಬುದ್ಧಿ ಬಲಿಯದ ಎಳೆಯ ವಯಸ್ಸಿಗೆ ಹೇಳಿದ ಮಾತು ಅದು.

ವಾಕ್ಯದಲ್ಲಿ ಬಳಸುವುದು ಹೇಗೆ?

ನಾಮಪದದ ಮುಂದೆ ಇಡಿ. ‘ಕಾಲೇಜಿನ ಹ್ಯಾಲ್ಸಿಯನ್ ದಿನಗಳು’, ‘ಎರಡು ಯುದ್ಧಗಳ ನಡುವಿನ ಹ್ಯಾಲ್ಸಿಯನ್ ವರ್ಷಗಳು’. ಎರಡನೆಯದು ಬಹಳ ಒಳ್ಳೆಯ ಬಳಕೆ. ‘ನಾನು ಇವತ್ತು ಹ್ಯಾಲ್ಸಿಯನ್ ಆಗಿದ್ದೇನೆ’ ಎಂದು ಮನುಷ್ಯರಿಗೆ ಬಳಸಬೇಡಿ. ‘ಹೆಚ್ಚು ಹ್ಯಾಲ್ಸಿಯನ್’, ‘ಅತಿ ಹ್ಯಾಲ್ಸಿಯನ್’ ಎಂಬ ಹೋಲಿಕೆಯೂ ಸಾಮಾನ್ಯವಾಗಿ ಇಲ್ಲ.

ಇದನ್ನು ಬಳಸುವವರು ಹೆಚ್ಚಾಗಿ ಹಿಂದೆ ತಿರುಗಿ ನೋಡುತ್ತಿರುತ್ತಾರೆ. ನೆಮ್ಮದಿಯ ನಡುವೆ ಇರುವಾಗ ಅದು ಮುಗಿಯುತ್ತದೆ ಎಂದು ಯಾರಿಗೆ ನೆನಪಿರುತ್ತದೆ? ಮುಗಿದ ಮೇಲೆ ಈ ಪದ ಬಾಯಿಗೆ ಬರುತ್ತದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ನಾಟಕ, ಹಾಡು ಕೇಳಿ ಬೆಳೆದ ಹಿರಿಯರು ಆ ಸಂಜೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಇದನ್ನು ಧಾರಾಳವಾಗಿ ಬಳಸಬಹುದು. ನಾಳೆಯ ಬಗ್ಗೆ ಹೇಳುವಾಗ ಅಪರೂಪ, ಜೋನ್ ಹೇಳಿದ ಹಾಗೆ ಭರವಸೆ ಕೊಡುವಾಗ ಮಾತ್ರ.

ಪರೀಕ್ಷೆಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ ಕೇಳಿದರೆ?

ಸಮಾನಾರ್ಥಕಕ್ಕೆ ‘ಪೀಸ್‌ಫುಲ್’, ‘ಕಾಮ್’, ‘ಸಿರೀನ್’, ‘ಟ್ರಾಂಕ್ವಿಲ್’. ಕೆಲವು ಸಲ ‘ಹ್ಯಾಪಿ’, ‘ಪ್ರಾಸ್ಪರಸ್’ ಕೂಡ ಆಯ್ಕೆಯಲ್ಲಿರುತ್ತವೆ, ಅವೂ ನಿಘಂಟಿನ ಅರ್ಥಗಳೇ. ವಿರುದ್ಧಾರ್ಥಕ್ಕೆ ‘ಸ್ಟಾರ್ಮಿ’, ‘ಟರ್ಬ್ಯುಲೆಂಟ್’, ‘ಟೆಂಪೆಸ್ಚುವಸ್’. ಮೂರೂ ಬಿರುಗಾಳಿ, ಅಲ್ಲೋಲಕಲ್ಲೋಲದ ಪದಗಳು. ಅಲ್ಸಿಯೋನಿಯ ಕಥೆ ನೆನಪಿದ್ದರೆ ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅರ್ಥ ಗೊತ್ತಿದ್ದರೆ ಸಾಕಲ್ವಾ? ಹುಟ್ಟು ಏಕೆ ತಿಳಿಯಬೇಕು?

ಅಂಕಕ್ಕೆ ಸಾಕು. ಆದರೆ ಬರೆಯಲು, ಓದಿ ಸವಿಯಲು ಸಾಲದು. ಪದದ ಬೇರು ನೋಡುವ ಅಭ್ಯಾಸ ನಮ್ಮ ಊರಿಗೆ ಹೊಸದೂ ಅಲ್ಲ. ಕಿಟೆಲ್ ಅವರು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲೂ ಇದ್ದು ಕೆಲಸ ಮಾಡಿದವರು. 1894ರಲ್ಲಿ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂನ ಬಂಧುಪದಗಳನ್ನು ತೋರಿಸಿದ್ದಾರೆ. ಶಂಬಾ ಜೋಶಿಯವರು ಧಾರವಾಡದಲ್ಲೇ ಕೂತು ಊರಿನ ಹೆಸರುಗಳನ್ನು ಹಿಡಿದು ಕನ್ನಡಿಗರ ಹಳೆಯ ನೆಲೆಗಳನ್ನು ಹುಡುಕಿದರು. ಲೈಬ್ರರಿಗೆ ಹೋದಾಗ ಇಬ್ಬರ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಿ.

ಅಲ್ಸಿಯೋನಿ ಎಂಬ ನಕ್ಷತ್ರವೂ ಇದೆಯಲ್ಲ?

ಇದೆ. ಕೃತ್ತಿಕಾ ಗುಂಪಿನ ಅತಿ ಪ್ರಕಾಶದ ನಕ್ಷತ್ರದ ಹೆಸರು ಅದು. ಆದರೆ ಆ ಅಲ್ಸಿಯೋನಿ ಬೇರೆ. ಅವಳು ಅಟ್ಲಾಸ್‌ನ ಮಗಳು, ಏಳು ಅಕ್ಕತಂಗಿಯರಲ್ಲಿ ಒಬ್ಬಳು. ಗಾಳಿಯ ಒಡೆಯನ ಮಗಳಿಗೂ ಅವಳಿಗೂ ಹೆಸರು ಮಾತ್ರ ಒಂದೇ.

ಈ ಹೆಸರಿನ ಮಾತ್ರೆ ಇದೆ ಎಂದು ಕೇಳಿದ್ದೇನೆ. ನಿಜವಾ?

ನಿಜ. ಟ್ರಯಾಜೊಲಾಮ್ ಎಂಬ ನಿದ್ದೆಯ ಔಷಧಿಯನ್ನು ‘ಹ್ಯಾಲ್ಸಿಯಾನ್’ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಮಾರಿದ್ದಾರೆ. ಅದರ ಸ್ಪೆಲ್ಲಿಂಗ್‌ನಲ್ಲಿ ‘ವೈ’ ಬದಲು ‘ಐ’ ಇದೆ. ಅಂತರ್ಜಾಲದಲ್ಲಿ ಹುಡುಕುವಾಗ ಎರಡೂ ಕಲಸಿ ಬರುತ್ತವೆ, ನೋಡಿಕೊಳ್ಳಿ. ಗುಣವಾಚಕ ಬರೆಯುವಾಗ ‘ವೈ’ ಹಾಕಿ.